ಅಂಗಳದಲ್ಲಿ ಎಡಗೈ, ಒಳಗೆ ಬಲಗೈ

ನನ್ನ ಪುಳ್ಳಿ, ಮಗಳ ಮಗಳು, ರಾಜ್ಯದ ತಂಡಕ್ಕೆ ಸೇರಿದಳು! ಇವತ್ತು ಬೆಳಿಗ್ಗೆ ಹತ್ತು ಗಂಟೆಗೆ ಫೋನು ಬಂತು. ಕೊನೆಯ ಸುತ್ತಿನಲ್ಲಿ ಇಪ್ಪತ್ತೈದು ಮಣ್ಣಿನ ಬಿಲ್ಲೆ ಹಾರಿಸಿದರಂತೆ, ಅದರಲ್ಲಿ ಇಪ್ಪತ್ತಮೂರನ್ನು ನಮ್ಮ ದೀಕ್ಷಾ ಆಕಾಶದಲ್ಲೇ ಪುಡಿ ಮಾಡಿದಳಂತೆ. ನಾನು ಫೋನು ಇಟ್ಟವಳೇ ಗೇಟು ತೆಗೆದು ಹೈವೇ ಬದಿಗೆ ಹೋಗಿ, ಅಲ್ಲಿ ಬಸ್ಸಿಗೆ ಕಾಯುತ್ತಿದ್ದ ಗುರುತು ಪರಿಚಯ ಇಲ್ಲದ ಹೆಂಗಸರಿಗೂ ಹೇಳಿದೆ. ಒಬ್ಬಳು "ಎಂತ ಬಿಲ್ಲೆ ಅಜ್ಜಿ?" ಎಂದು ಕೇಳಿದಳು. ಬಾಯಿ ತೆರೆಯುವಷ್ಟರಲ್ಲಿ ಅವಳ ಬಸ್ಸು ಬಂತು. ಅವಳಿಗೆ ಹೇಳದೆ ಉಳಿದದ್ದನ್ನೆಲ್ಲ ಇಲ್ಲಿ ಬರೆಯುತ್ತೇನೆ, ಇಲ್ಲದಿದ್ದರೆ ಹೊಟ್ಟೆ ಒಡೆದು ಹೋದೀತು.

ಈ ಆಟದಲ್ಲಿ ನೆಲದೊಳಗಿನ ಒಂದು ಗುಂಡಿಯಲ್ಲಿ ಯಂತ್ರ ಇಟ್ಟಿರುತ್ತಾರೆ. ಅದು ಚಹಾದ ಸಾಸರಿನಷ್ಟು ದೊಡ್ಡ ಮಣ್ಣಿನ ಬಿಲ್ಲೆಯನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಒಮ್ಮೆ ನೇರಕ್ಕೆ ಎಸೆಯುತ್ತದೆ. ಯಾವ ಕಡೆಗೆ ಎಂದು ಮೊದಲೇ ಗೊತ್ತಿರುವುದಿಲ್ಲ. ಕಣ್ಣು ಮಿಟುಕಿಸುವುದರೊಳಗೆ ಅದನ್ನು ಕೋವಿಯಲ್ಲಿ ಹೊಡೆಯಬೇಕು. ಇಂಗ್ಲಿಷಿನಲ್ಲಿ ಅದಕ್ಕೆ ಮಣ್ಣಿನ ಪಾರಿವಾಳ ಎಂದು ಹೆಸರು. ಮೊದಲ ಸಲ ಬರೀ ಪಾರಿವಾಳ ಎಂಬುದಷ್ಟೇ ನನ್ನ ಕಿವಿಗೆ ಬಿದ್ದು, ಬಡಪಾಯಿ ಹಕ್ಕಿಗಳನ್ನು ಕೊಲ್ಲುತ್ತಾಳೆ ಎಂದು ಎರಡು ದಿನ ಅವಳ ಹತ್ತಿರ ಮಾತು ಬಿಟ್ಟಿದ್ದೆ. ಅದು ಇರಲಿ. ದೀಕ್ಷಾಳಿಗೆ ಆ ಕೈ ಎಲ್ಲಿಂದ ಬಂತು, ನಡುವೆ ಅದನ್ನು ಯಾರು ಕೆಡಿಸಿದರು ಎಂದು ಹೇಳಬೇಕಾದರೆ ಕಾಪುವಿನ ನಮ್ಮ ಹಳೆಯ ಮನೆಯಿಂದ ಶುರು ಮಾಡಬೇಕು. ಕೆಡಿಸಿದವಳು ಬೇರೆ ಯಾರೂ ಅಲ್ಲ, ನಾನೇ.

ಕಾಪುವಿನ ಮನೆ ಕಡಲಿಗೆ ಎಷ್ಟು ಹತ್ತಿರ ಎಂದರೆ, ಮಳೆಗಾಲದಲ್ಲಿ ಅಡುಗೆಮನೆಯಿಂದ ಜಗಲಿಗೆ ಒಂದು ಮಾತು ಮುಟ್ಟಿಸಲು ಕೂಗಬೇಕಿತ್ತು. ನಮ್ಮ ಮನೆಯವರೆಲ್ಲ ಇವತ್ತಿಗೂ ಜಗಳ ಮಾಡಿದ ಹಾಗೆ ಮಾತಾಡುವುದು ಆ ಅಭ್ಯಾಸದಿಂದ. ಹೆಂಚಿನ ಮನೆ, ಮೂರು ಕೋಣೆ. ಒಂದರಲ್ಲಿ ಬಲೆ, ಒಂದರಲ್ಲಿ ನಾವು, ಇನ್ನೊಂದರಲ್ಲಿ ಅಜ್ಜಿ ಮತ್ತು ಅಜ್ಜಿಯ ದೇವರು. ಅಜ್ಜಿ ಎಂದರೆ ಅಮ್ಮನ ಅಮ್ಮ. ನಮ್ಮಲ್ಲಿ ಮನೆ ಹೆಂಗಸರದ್ದು, ಹಾಗಾಗಿ ಅಜ್ಜಿ ಹೇಳಿದ ಮೇಲೆ ಮುಗಿಯಿತು. ಅಪ್ಪ ಹೆಚ್ಚಿನ ದಿನ ದೋಣಿಯಲ್ಲೇ ಇರುತ್ತಿದ್ದರು. ಮನೆಯಲ್ಲಿ ಗಂಡಸೆಂದು ಇದ್ದದ್ದು ಅಮ್ಮನ ತಮ್ಮ, ನಮ್ಮ ಮೋನಪ್ಪ ಮಾವ. ಅವರು ಹೊಳೆಯ ಬಾಯಿಯಲ್ಲಿ ಬೀಸುಬಲೆ ಹಾಕುವವರು. ಅಮ್ಮ ಮೀನು ಒಣಗಿಸುವವಳು. ಅಂಗಳದ ತುಂಬ ಹೆಣೆದ ತೆಂಗಿನ ಗರಿಯ ಮಡಲು ಹಾಸಿ, ಅದರ ಮೇಲೆ ಬಂಗುಡೆ, ಬೂತಾಯಿ ಸಾಲಾಗಿ ಮಲಗಿಸಿದರೆ, ಬೆಳಿಗ್ಗೆ ಎಂಟರಿಂದ ಸಂಜೆಯವರೆಗೆ ಆಕಾಶದಲ್ಲಿರುವ ಕಾಗೆಗಳೆಲ್ಲ ನಮ್ಮ ಮನೆಯ ನೆಂಟರು. ಅವುಗಳನ್ನು ಓಡಿಸುವ ಕೆಲಸ ನನ್ನದು. ಐದನೇ ಕ್ಲಾಸಿಗೆ ನನ್ನ ಶಾಲೆ ನಿಂತದ್ದೂ ಅದಕ್ಕೇ. ಅದರ ಬಗ್ಗೆ ನನಗೆ ಬೇಸರ ಇತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ. ಮಗ್ಗಿ ಹೇಳುವುದಕ್ಕಿಂತ ಕಾಗೆ ಓಡಿಸುವುದು ಎಷ್ಟೋ ಸುಖ.

ಕಲ್ಲು ಎಸೆಯಬಾರದಿತ್ತು. ಕಲ್ಲು ಮೀನಿನ ನಡುವೆ ಸೇರಿ, ಯಾರದೋ ಮನೆಯಲ್ಲಿ ಯಾರದೋ ಹಲ್ಲು ಮುರಿದರೆ ಅಮ್ಮನ ಹೆಸರು ಹೋಗುತ್ತದೆ. ಅದಕ್ಕಾಗಿ ಗದ್ದೆಯ ಜೇಡಿ ತಂದು ನಾನು ಲಿಂಬೆಯಷ್ಟು ಉಂಡೆ ಕಟ್ಟುತ್ತಿದ್ದೆ. ಮೀನಿನ ಪಕ್ಕದಲ್ಲೇ ಅವೂ ಒಣಗುತ್ತಿದ್ದವು. ಮೊದಮೊದಲು ನೂರು ಎಸೆದರೆ ಒಂದೂ ತಾಗುತ್ತಿರಲಿಲ್ಲ. ಕಾಗೆಗಳು ನನ್ನ ಅಳತೆ ತಿಳಿದುಕೊಂಡು ಹೆದರುವುದನ್ನೇ ಬಿಟ್ಟಿದ್ದವು. ಒಂದು ದಿನ ಮೋನಪ್ಪ ಮಾವ ಜಗಲಿಯಲ್ಲಿ ಕೂತು ಬಲೆ ಹೆಣೆಯುತ್ತಾ ನೋಡಿದರು, ನೋಡಿದರು, ಕೊನೆಗೆ ತಡೆಯಲಾಗಲಿಲ್ಲ.

"ನೀನು ಕಾಗೆಗೆ ಹೊಡೆಯುವುದಾ, ಅದು ಬಿಟ್ಟು ಹೋದ ಗಾಳಿಗೆ ಹೊಡೆಯುವುದಾ?"

"ಕಾಗೆಗೇ ಮಾವ."

"ಅದು ನಿನ್ನ ಉಂಡೆ ಬರುವವರೆಗೆ ಅಲ್ಲೇ ಕೂತಿರುತ್ತದಾ ಮಾರಾಯ್ತಿ? ಮೀನು ಇದ್ದಲ್ಲಿಗೆ ಬಲೆ ಹಾಕಿದರೆ ನಾವು ಇಷ್ಟು ಹೊತ್ತಿಗೆ ಉಪವಾಸ. ಅದು ಹೋಗುವಲ್ಲಿಗೆ ಹಾಕು. ನಿನ್ನ ಕೈ ನೋಡಬೇಡ, ಉಂಡೆ ನೋಡಬೇಡ, ಅದರ ಕೊಕ್ಕು ಮಾತ್ರ ನೋಡು. ಮತ್ತೆ, ಎಸೆದ ಕೂಡಲೇ ಕೈ ನಿಲ್ಲಿಸುತ್ತೀ ಅಲ್ವಾ, ಅದು ತಪ್ಪು. ಉಂಡೆ ಹೋದ ಮೇಲೂ ಕೈ ಅದರ ಹಿಂದೆ ಹೋಗುತ್ತಾ ಇರಲಿ."

ಇದಿಷ್ಟೇ ನನ್ನ ಇಡೀ ವಿದ್ಯೆ. ಹದಿನೈದು ದಿನದಲ್ಲಿ ಕಾಗೆಗಳು ನಮ್ಮ ಅಂಗಳ ಬಿಟ್ಟು ಪಕ್ಕದ ಮನೆಗೆ ಹೋದವು, ಪಕ್ಕದ ಮನೆಯವರು ನಮ್ಮೊಡನೆ ಜಗಳಕ್ಕೆ ಬಂದರು. ಆದರೆ ಒಂದು ತೊಂದರೆ ಇತ್ತು. ನಾನು ಹುಟ್ಟಾ ಎಡಚಿ. ಬೆಳಿಗ್ಗೆ ಗಂಜಿಗೆ ಕೂತಾಗ ಅಜ್ಜಿ ಎದುರಿಗೆ ಸೌಟು ಹಿಡಿದು ಕೂರುತ್ತಿದ್ದರು. ನನ್ನ ಎಡಗೈ ಬಟ್ಟಲಿನ ಕಡೆ ಹೊರಟರೆ ಸೌಟಿನ ಹಿಡಿಯಿಂದ ಟಪ್ಪೆಂದು ಒಂದು. "ಎಡಗೈ ಕಂಡರೆ ಅನ್ನ ಬೇಸರ ಮಾಡಿಕೊಳ್ಳುತ್ತದೆ" ಎನ್ನುತ್ತಿದ್ದರು. ಅನ್ನಕ್ಕೆ ಎಷ್ಟೊಂದು ಸಿಟ್ಟು ಎಂದು ನನಗೆ ಆಶ್ಚರ್ಯ. ದೀಪಕ್ಕೆ ಎಣ್ಣೆ ಹಾಕಲು, ಬಂದವರಿಗೆ ನೀರು ಕೊಡಲು, ಹೂ ಮುಟ್ಟಲು, ಎಲ್ಲದಕ್ಕೂ ಬಲಗೈ. ಅಂಗಳದಲ್ಲಿ ಮಾತ್ರ ಅಜ್ಜಿಯ ಕಣ್ಣು ತಪ್ಪಿಸಿ ನಾನು ಎಡಗೈಯಲ್ಲಿ ಎಸೆಯುತ್ತಿದ್ದೆ. ಅಮ್ಮನಿಗೆ ಗೊತ್ತಿತ್ತು. ಮೀನು ಉಳಿದರೆ ಸಾಕೆಂದು ಅವಳು ಗೊತ್ತಿಲ್ಲದವಳ ಹಾಗೆ ಇದ್ದಳು.

ಹೀಗಿರುವಾಗ ಆ ದಿನ ಮಧ್ಯಾಹ್ನ ಏನೋ ಒಂದು ಮೇಲಿನಿಂದ ಸರ್ರನೆ ಬಂದು ಬಂಗುಡೆ ಎತ್ತಿತು. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ನಾನು ಅದು ಹೋಗುವ ದಿಕ್ಕಿಗೆ ಎಸೆದೆ. ಉಂಡೆ ನೆಟ್ಟಗೆ ರೆಕ್ಕೆಗೆ ತಾಗಿ ಪುಡಿಯಾಯಿತು, ಬಂಗುಡೆ ಬಾವಿಕಟ್ಟೆಯ ಮೇಲೆ ಬಿತ್ತು. ಖುಷಿಯಿಂದ ಕುಣಿಯಬೇಕು ಎನ್ನುವಷ್ಟರಲ್ಲಿ ಅದರ ಬಿಳಿ ಕುತ್ತಿಗೆ ಕಾಣಿಸಿತು. ಅದು ಕಾಗೆ ಅಲ್ಲ, ಗರುಡ! ಅಜ್ಜಿ ಕಂಡರೆ ನಿಂತು ಕೈ ಮುಗಿಯುವ ಗರುಡ. ಅದೇ ಹೊತ್ತಿಗೆ ಅಜ್ಜಿ ಬಾಗಿಲಲ್ಲಿ ನಿಂತಿದ್ದರು. ಗರುಡನಿಗೆ ಹೊಡೆದದ್ದು ಒಂದು, ಎಡಗೈಯಲ್ಲಿ ಹೊಡೆದದ್ದು ಇನ್ನೊಂದು. ಅಜ್ಜಿಗೆ ಯಾವುದಕ್ಕೆ ಮೊದಲು ಬೈಯಬೇಕು ಎಂದು ತಿಳಿಯದೆ ಸ್ವಲ್ಪ ಹೊತ್ತು ಬಾಯಿ ಮಾತ್ರ ಆಡುತ್ತಿತ್ತು, ಸ್ವರ ಬರಲಿಲ್ಲ.

ಶಿಕ್ಷೆ ಎರಡಾಯಿತು. ಒಂದು, ಮೈ ಒರೆಸುವ ಹಳೆಯ ಬೈರಾಸು ಹರಿದು ನನ್ನ ಎಡಗೈಯನ್ನು ಮುಷ್ಟಿ ಸಮೇತ ಕಟ್ಟಿದರು. ಎರಡು, ದಿನಾ ಸಂಜೆ ನಾನು ಅಂಗಳದ ನಡುವೆ ಬಲ ಅಂಗೈಯಲ್ಲಿ ಒಂದು ತಾಜಾ ಬಂಗುಡೆ ಇಟ್ಟುಕೊಂಡು ನಿಲ್ಲಬೇಕು. ಗರುಡ ತಾನಾಗಿ ಬಂದು ಅದನ್ನು ತೆಗೆದುಕೊಂಡರೆ ಕ್ಷಮಿಸಿದ ಹಾಗೆ. ಮೊದಲ ಸಂಜೆ ಕಾಗೆ ಬಂದು ತೆಗೆದುಕೊಂಡಿತು. ಎರಡನೇ ಸಂಜೆ ಎರಡು ಕಾಗೆ ಬಂದು ನನ್ನ ಕೈಯ ಮೇಲೆಯೇ ಜಗಳ ಮಾಡಿದವು. ಅಜ್ಜಿ ಜಗಲಿಯಿಂದ "ನೀನಲ್ಲ, ನೀನಲ್ಲ!" ಎಂದು ಕಾಗೆಗೆ ಕೂಗುತ್ತಿದ್ದರು. ಮೂರನೇ ಸಂಜೆ ಪಕ್ಕದ ಮನೆಯ ಬೆಕ್ಕು.

"ಗರುಡನಿಗೆ ಪುರುಸೊತ್ತಿಲ್ಲವಂತೆ, ಬೆಕ್ಕನ್ನು ಕಳಿಸಿದ್ದಾನೆ" ಎಂದರು ಮಾವ.

"ನೀನು ಸುಮ್ಮನಿರು. ಹುಡುಗಿಯನ್ನು ಕೆಡಿಸಿದ್ದೇ ನೀನು" ಎಂದರು ಅಜ್ಜಿ.

ಇತ್ತ ಹಗಲಿನಲ್ಲಿ ನನ್ನ ಬಲಗೈಯ ಉಂಡೆಗಳು ಬಾವಿಗೆ, ತೆಂಗಿನ ಮರಕ್ಕೆ, ಒಮ್ಮೆ ಅಮ್ಮನ ಬೆನ್ನಿಗೆ ತಾಗಿದವು. ಹೋದ ಕಾಗೆಗಳೆಲ್ಲ ವಾಪಸು ಬಂದವು. ಐದನೇ ದಿನ ಅಮ್ಮ ಅರ್ಧ ಖಾಲಿಯಾದ ಮಡಲನ್ನು ಎತ್ತಿಕೊಂಡು ಬಂದು ಅಜ್ಜಿಯ ಮುಂದೆ ಇಟ್ಟಳು. ಅಮ್ಮ ಅಜ್ಜಿಗೆ ಎದುರು ಮಾತಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಬಲಗೈ ಬೇಕಾ, ಮೀನು ಬೇಕಾ? ಎರಡೂ ಬೇಕೆಂದರೆ ನಾಳೆಯಿಂದ ನೀವೇ ಅಂಗಳದಲ್ಲಿ ಕೂತುಕೊಳ್ಳಿ."

ಅಜ್ಜಿ ಆ ರಾತ್ರಿ ಊಟ ಮಾಡಲಿಲ್ಲ, ದೇವರ ಕೋಣೆಯ ಬಾಗಿಲು ಹಾಕಿಕೊಂಡರು. ಬೆಳಿಗ್ಗೆ ಬಂದು ನನ್ನ ಕೈಯ ಬೈರಾಸು ಬಿಚ್ಚಿದರು. ದೇವರು ಹೇಳಿದ್ದೋ, ಅವರೇ ಯೋಚನೆ ಮಾಡಿದ್ದೋ ಗೊತ್ತಿಲ್ಲ. "ಹೊಸ್ತಿಲಿನ ಒಳಗೆ ಬಲಗೈ. ಅಂಗಳದಲ್ಲಿ ನಿನ್ನಿಷ್ಟ. ಬಿಳಿ ಕುತ್ತಿಗೆ ಕಂಡರೆ ಮಾತ್ರ ಎರಡೂ ಕೈ ಮುಗಿ" ಎಂದರು. ಆ ಮನೆಯಲ್ಲಿ ನನಗೆ ಅದಕ್ಕಿಂತ ದೊಡ್ಡ ಮರ್ಯಾದೆ ಸಿಕ್ಕಿಲ್ಲ. ಹೊಸ್ತಿಲು ದಾಟುವಾಗಲೆಲ್ಲ ಒಂದು ಕೈ ಮಲಗುತ್ತಿತ್ತು, ಇನ್ನೊಂದು ಏಳುತ್ತಿತ್ತು. ನಾನು ಧೈರ್ಯದವಳಾದದ್ದು, ಬಾಯಿ ಬಂದದ್ದು, ಎದುರಿಗೆ ಯಾರಿದ್ದರೂ ಕಣ್ಣಿಟ್ಟು ನೋಡಲು ಕಲಿತದ್ದು ಎಲ್ಲ ಆ ಅಂಗಳದಲ್ಲೇ.

ಇಷ್ಟು ಗೊತ್ತಿದ್ದವಳು ನಾನು ಮಾಡಿದ್ದೇನು? ಮದುವೆಯಾಯಿತು, ಕಾಲ ಹೋಯಿತು, ಈಗ ಉದ್ಯಾವರದಲ್ಲಿ ಮಗಳು ವಿನೋದಾ, ಅಳಿಯ ಸುಧಾಕರನ ಜೊತೆ ಇದ್ದೇನೆ. ವಿನೋದಾ ಮಣಿಪಾಲದಲ್ಲಿ ನರ್ಸ್. ಅವಳು ಡ್ಯೂಟಿಗೆ ಹೋದರೆ ಸಣ್ಣ ದೀಕ್ಷಾಳನ್ನು ನೋಡಿಕೊಂಡವಳು ನಾನು. ಮಗು ಚಮಚವನ್ನು ಎಡಗೈಯಲ್ಲಿ ಹಿಡಿದಾಗಲೆಲ್ಲ ನಾನು ಮೆಲ್ಲನೆ ಬಿಡಿಸಿ ಬಲಗೈಗೆ ಇಟ್ಟೆ. ಬಳಪ ಹಿಡಿದಾಗ ಹಾಗೆಯೇ. ಸೌಟಿನಿಂದ ಹೊಡೆಯಲಿಲ್ಲ, ಮುದ್ದು ಮಾಡುತ್ತಾ ಮಾಡಿದೆ. ಅಜ್ಜಿಯ ಒಳಮನೆಯ ಕಾನೂನು ನೆನಪಿತ್ತು, ಅಂಗಳದ ಕಾನೂನು ಮರೆತೇ ಹೋಗಿತ್ತು. ಉದ್ಯಾವರದ ಮನೆಗೆ ಅಂಗಳವೂ ಇಲ್ಲ, ಇಂಟರ್‌ಲಾಕ್ ಹಾಕಿದ ಕಾರು ನಿಲ್ಲಿಸುವ ಜಾಗ. ವರ್ಷದೊಳಗೆ ಮಗು ಅಪ್ಪಟ ಬಲಗೈಯವಳಾದಳು. ನಾನೂ ಮರೆತೆ.

ದೀಕ್ಷಾ ನಿಟ್ಟೆಯಲ್ಲಿ ಇಂಜಿನಿಯರಿಂಗಿಗೆ ಸೇರಿ, ಹಾಸ್ಟೆಲಿನಲ್ಲಿದ್ದು, ಎನ್‌ಸಿಸಿಯಲ್ಲಿ ರೈಫಲು ಹಿಡಿದಳು. ಅಲ್ಲಿಂದ ಈ ಬಿಲ್ಲೆಯ ಹುಚ್ಚು. ಕಾರ್ಕಳದ ಆಚೆ ಒಂದು ಹಳೆಯ ಕಲ್ಲಿನ ಕೋರೆಯಲ್ಲಿ, ಸೈನ್ಯದಿಂದ ನಿವೃತ್ತರಾದ ಸುಬೇದಾರರೊಬ್ಬರು ಇದನ್ನು ಕಲಿಸುತ್ತಾರೆ. ಎರಡು ವರ್ಷ ಕಲಿತರೂ ಇವಳು ಇಪ್ಪತ್ತೈದಕ್ಕೆ ಹದಿನಾರು, ಹದಿನೇಳು ದಾಟಲಿಲ್ಲ. ಈ ವರ್ಷ ಕಾಲೇಜಿನ ಕೊನೆಯ ವರ್ಷ. ಆಯ್ಕೆಗೆ ಎರಡೂವರೆ ತಿಂಗಳು ಇರುವಾಗ ಫೋನಿನಲ್ಲಿ ಸಣ್ಣ ಸ್ವರದಲ್ಲಿ ಹೇಳಿದಳು:

"ಅಜ್ಜಿ, ಈ ಸಲ ಆಗದಿದ್ದರೆ ನಾನು ಕೋವಿ ಮುಟ್ಟುವುದಿಲ್ಲ. ನನ್ನಿಂದ ಆಗುವುದಿಲ್ಲ ಅಂತ ಕಾಣುತ್ತದೆ."

ನಮ್ಮ ಮನೆಯವರು ಸಣ್ಣ ಸ್ವರದಲ್ಲಿ ಮಾತಾಡಿದರೆ ಅದು ದೊಡ್ಡ ವಿಷಯ. ಮರುದಿನ ಭಾನುವಾರ ಬುತ್ತಿ ಕಟ್ಟಿಕೊಂಡು ಸುಧಾಕರನ ಕಾರಿನಲ್ಲಿ ಕೋರೆಗೆ ಹೋದೆ. ಕಿವಿಗೆ ದಪ್ಪದ್ದು ಏನೋ ಹಾಕಿ ನನ್ನನ್ನು ಹಿಂದೆ ಕುರ್ಚಿಯಲ್ಲಿ ಕೂರಿಸಿದರು. ಬಿಲ್ಲೆ ಬಿಡಿ ಎಂದು ಹೇಳಲು ಹೊಡೆಯುವವರು "ಪುಲ್!" ಎಂದು ಕೂಗಬೇಕಂತೆ. ಕಿವಿ ಮುಚ್ಚಿದ್ದರಿಂದ ನನಗೆ ಕೇಳಿದ್ದು "ಪುಳ್ಳಿ!" ಎಂದು. ಯಾರೋ ಮೀಸೆಯ ಗಂಡಸು ನನ್ನ ಮೊಮ್ಮಗಳನ್ನು ಕರೆಯುವುದು ಯಾಕೆಂದು ನಾನು ಎದ್ದು ನಿಂತು "ಓ, ಎಂತ?" ಎಂದು ಜೋರಾಗಿ ಕೇಳಿದೆ. ಆ ಮನುಷ್ಯನ ಗುಂಡು ಎತ್ತಲೋ ಹೋಯಿತು. ಇಡೀ ಕೋರೆ ನಕ್ಕಿತು, ಸುಬೇದಾರರು ಸಹ.

ಆಮೇಲೆ ದೀಕ್ಷಾಳ ಸರದಿ. ನಾನು ಅವಳನ್ನು ನೋಡಲಿಲ್ಲ, ಬಿಲ್ಲೆಯನ್ನು ಮಾತ್ರ ನೋಡಿದೆ. ಹತ್ತು ಬಿಲ್ಲೆಯಾಗುವಷ್ಟರಲ್ಲಿ ಒಂದು ವಿಷಯ ಕಣ್ಣಿಗೆ ಬಿತ್ತು. ಕಡಲಿನ ಕಡೆಗೆ, ಎಂದರೆ ಎಡಕ್ಕೆ, ಹಾರಿದ್ದೆಲ್ಲ ಒಡೆಯುತ್ತಿತ್ತು. ಘಟ್ಟದ ಕಡೆಗೆ, ಬಲಕ್ಕೆ, ಹೋದದ್ದು ಹಾಗೆಯೇ ಹಾರಿಹೋಗಿ ಕಲ್ಲಿನ ಮೇಲೆ ಬೀಳುತ್ತಿತ್ತು. ಅವಳ ಗುಂಡು ಯಾವಾಗಲೂ ಒಂದು ಗೇಣು ಎಡಕ್ಕೇ ಹೋಗುತ್ತಿದೆ ಎಂದಾಯಿತು. ಆಗ ಅವಳನ್ನು ನೋಡಿದೆ. ಕೋವಿ ಬಲ ಭುಜದಲ್ಲಿ, ಬಲ ಕೆನ್ನೆಯಲ್ಲಿ. ತಲೆ ಮಾತ್ರ ಅದರ ಮೇಲಿನಿಂದ ದಾಟಿ ವಾಲಿದೆ, ಎಡಗಣ್ಣು ಇಣುಕುವುದಕ್ಕೆ ಬಂದವರ ಹಾಗೆ. ನನಗೆ ಮನೆಯಲ್ಲಿ ಅವಳು ಸೂಜಿಗೆ ದಾರ ಹಾಕಿಕೊಡುವುದು ನೆನಪಾಯಿತು. ಸೂಜಿಯನ್ನು ಬಲಗಣ್ಣು ಮುಚ್ಚಿ ಎಡಗಣ್ಣಿಗೆ ಹಿಡಿಯುತ್ತಾಳೆ. ಕೈಯನ್ನು ನಾನು ತಿರುಗಿಸಿದ್ದೆ. ಕಣ್ಣು ತಿರುಗಲೇ ಇಲ್ಲ!

"ಸರ್, ಇವಳ ಕಣ್ಣು ಎಡಚ" ಎಂದೆ ಸುಬೇದಾರರಿಗೆ.

"ಅಮ್ಮ, ಅದನ್ನು ಮೊದಲ ದಿನವೇ ಪರೀಕ್ಷೆ ಮಾಡಿದ್ದೇನೆ. ಬಲಗಣ್ಣೇ."

"ಇನ್ನೊಮ್ಮೆ ಮಾಡಿ. ನನಗೋಸ್ಕರ."

ಅವರು ದೂರದ ಬಂಡೆಗೆ ಹೆಬ್ಬೆರಳು ಹಿಡಿದು ನೋಡಲು ಹೇಳಿದರು. ದೀಕ್ಷಾ ಬೆರಳು ಎತ್ತಿದ ಕೂಡಲೇ ಎಡಗಣ್ಣು ತಾನಾಗಿ ಮುಚ್ಚಿತು. ರೈಫಲಿನಲ್ಲಿ ಕಲಿತ ಅಭ್ಯಾಸ.

"ಎರಡೂ ಕಣ್ಣು ಬಿಡು ಮಗಾ" ಎಂದೆ. "ಬಂಡೆಯನ್ನು ಮಾತ್ರ ನೋಡು."

ಎರಡೂ ಕಣ್ಣು ಬಿಟ್ಟು ಬೆರಳು ಹಿಡಿದಳು. ಸುಬೇದಾರರು ತಮ್ಮ ಕೈಯಿಂದ ಅವಳ ಎಡಗಣ್ಣು ಮುಚ್ಚಿದರು. ಬೆರಳು ಬಂಡೆ ಬಿಟ್ಟು ಪಕ್ಕಕ್ಕೆ ಹಾರಿತು. ಬಲಗಣ್ಣು ಮುಚ್ಚಿದರು. ಬೆರಳು ಬಂಡೆಯ ಮೇಲೇ ಇತ್ತು. ಅವರು ಟೋಪಿ ತೆಗೆದು ತಲೆ ಕೆರೆದುಕೊಂಡು, "ಎರಡು ವರ್ಷ ನಾನು ಎಂತ ನೋಡುತ್ತಿದ್ದೆ ಮಾರಾಯ್ರೇ" ಎಂದರು. ಅವರನ್ನು ಬೈಯುವುದು ಹೇಗೆ? ನಾನು ಅಲ್ಲೇ, ಎಲ್ಲರ ಎದುರಿಗೆ, ಚಮಚದ ಕಥೆ ಹೇಳಿದೆ. ದೀಕ್ಷಾ ನನ್ನನ್ನು ನೋಡಿದಳು. ಕೋವಿಯನ್ನು ಎಡ ಭುಜಕ್ಕೆ ಇಟ್ಟು ನೋಡಿದಳು, ಮೊದಲ ಸಲ ಎತ್ತಿಕೊಂಡ ಮಗುವಿನ ಹಾಗೆ ಅದು ಅಲ್ಲಿ ನಿಲ್ಲಲೇ ಇಲ್ಲ.

ಮೊದಲ ವಾರ ಹದಿನೇಳು ಇದ್ದದ್ದು ಎಂಟಕ್ಕೆ ಇಳಿಯಿತು. ಆಯ್ಕೆಗೆ ಹತ್ತೇ ವಾರ. ಒಂದು ಶನಿವಾರ ಮನೆಗೆ ಬಂದವಳು ಚೀಲ ಎಸೆದು "ನಿನ್ನಿಂದಲೇ ಅಜ್ಜಿ, ಎಲ್ಲ ನಿನ್ನಿಂದಲೇ!" ಎಂದು ಅತ್ತಳು. ಹೌದೆಂದೆ. ಇನ್ನೇನು ಹೇಳಲಿ? ಮರುದಿನ ಬೆಳಿಗ್ಗೆ ನೆಲ ಒರೆಸುವ ಕೋಲನ್ನು ಅವಳ ಕೈಗೆ ಕೊಟ್ಟೆ. ಸುಬೇದಾರರು ಹೇಳಿಕೊಟ್ಟ ಅಭ್ಯಾಸ ಅದು. ಕೋಲನ್ನು ಎಡ ಕೆನ್ನೆಗೆ ಒತ್ತಿ, ಗೋಡೆ ಮತ್ತು ಮಾಡು ಸೇರುವ ಗೆರೆಯ ಉದ್ದಕ್ಕೂ, ಈ ಮೂಲೆಯಿಂದ ಆ ಮೂಲೆಗೆ, ನಡುಕ ಇಲ್ಲದೆ ತಿರುಗಬೇಕು. ದಿನಕ್ಕೆ ಇನ್ನೂರು ಸಲ. ಅದರ ಮೇಲೆ ನನ್ನದೊಂದು. ಪಕ್ಕದ ಖಾಲಿ ಜಾಗದಲ್ಲಿ ಸುಧಾಕರ ತೆಂಗಿನ ಗೆರಟೆ ಮೇಲಕ್ಕೆ ಎಸೆಯುವುದು, ಅವಳು ಎಡಗೈಯಲ್ಲಿ ಮಣ್ಣಿನ ಉಂಡೆ ಹೊಡೆಯುವುದು. ಉಂಡೆ ಕಟ್ಟಿಕೊಟ್ಟವಳು ನಾನು. ಮೂರನೇ ದಿನ ಒಂದು ಉಂಡೆ ಸುಧಾಕರನ ಹಣೆಗೆ ತಾಗಿತು.

"ಅತ್ತೆ, ನಾನು ಗರುಡ ಅಲ್ಲ, ನಿಮ್ಮ ಅಳಿಯ" ಎಂದ.

"ಎಲ್ಲಿಗಾದರೂ ತಾಗಿತಲ್ಲ ಮಾರಾಯ, ಅದು ಮುಖ್ಯ" ಎಂದೆ. ದೀಕ್ಷಾ ಅಷ್ಟು ದಿನದ ಮೇಲೆ ಮೊದಲ ಸಲ ನಕ್ಕಳು. ಆ ವಾರ ಹದಿನಾಲ್ಕು ಒಡೆದಳು. ಮುಂದಿನ ವಾರ ಹದಿನೆಂಟು. ಅಲ್ಲಿಂದ ಹಿಂದೆ ಬರಲಿಲ್ಲ.

ಬೆಳಿಗ್ಗೆ ಫೋನಿನಲ್ಲಿ ಸುಬೇದಾರರ ಹತ್ತಿರ ನಾನು ಕೇಳಿದ್ದು ಒಂದೇ ಪ್ರಶ್ನೆ. ತಪ್ಪಿದ ಎರಡು ಯಾವ ಕಡೆಗೆ ಹೋದದ್ದು? ಒಂದು ಎಡಕ್ಕಂತೆ, ಒಂದು ಬಲಕ್ಕಂತೆ. ಹಾಗಾದರೆ ಅದು ರೋಗ ಅಲ್ಲ, ಬರೀ ತಪ್ಪು.

ಸಂಜೆ ಏಳಕ್ಕೆ ಸುಬೇದಾರರ ಜೀಪು ಬಂತು. ದೀಕ್ಷಾ ಇಳಿದವಳೇ ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದಳು, ನನ್ನ ಕನ್ನಡಕ ಎಲ್ಲಿಗೋ ಬಿತ್ತು. ವಿನೋದಾ ರಜೆ ಹಾಕಿ ಕೋರಿರೊಟ್ಟಿ ಮಾಡಿದ್ದಳು, ಕೋಳಿ ಸಾರಿನ ಪರಿಮಳ ರಸ್ತೆಯವರೆಗೆ ಬಂದಿತ್ತು. ನಾನು ಬಡಿಸಲು ನಿಂತರೆ ಸುಧಾಕರ ಸೌಟು ಕಸಿದುಕೊಂಡ. ಪಾತ್ರೆ ನಡುವೆ ಇಟ್ಟು ಐದೂ ಜನ ಸುತ್ತ ಕೂತೆವು. ಸುಬೇದಾರರು ಬೇಡ ಬೇಡ ಎನ್ನುತ್ತಲೇ ಮೂರನೇ ಸಲ ಹಾಕಿಸಿಕೊಂಡರು. ನಾನು ಮಾತ್ರ ತಿನ್ನದೆ ತಟ್ಟೆಯ ರೊಟ್ಟಿಯನ್ನು ಮುರಿಯುತ್ತಾ ಕೂತೆ.

"ದೀಕ್ಷಾ, ನನ್ನ ಮೇಲೆ ಬೇಸರ ಉಂಟಾ?" ಎಂದು ಕೇಳಿಯೇಬಿಟ್ಟೆ.

ಅವಳ ಬಾಯಿ ತುಂಬ ರೊಟ್ಟಿ ಇತ್ತು. ಉತ್ತರ ಕೊಟ್ಟದ್ದು ವಿನೋದಾ.

"ಅವಳದ್ದು ಬಿಡು ಅಮ್ಮ, ಮೊದಲು ನನ್ನ ಹತ್ತಿರ ಕೇಳು. ನನ್ನದನ್ನೂ ನೀನೇ ತಿರುಗಿಸಿದ್ದು."

"ನಿನ್ನದಾ? ನೀನೂ ಎಡಚಿಯಾ?"

"ಮತ್ತೆ? ಈಗಲೂ ಇಂಜೆಕ್ಷನ್ ಕೊಡುವುದು ಎಡಗೈಯಲ್ಲೇ. ನಿನ್ನ ಎದುರಿಗೆ ಕೊಡಬೇಕಾಗಿ ಬರಲಿಲ್ಲ ಅಷ್ಟೇ."

ಮೊದಲು ನಕ್ಕದ್ದು ದೀಕ್ಷಾ, ರೊಟ್ಟಿ ಗಂಟಲಿಗೆ ಸಿಕ್ಕಿ ಕೆಮ್ಮು ಬಂತು, ಸುಧಾಕರ ಅವಳ ಬೆನ್ನಿಗೆ ಹೊಡೆದ, ಸುಬೇದಾರರು ಕಣ್ಣು ಒರೆಸಿಕೊಂಡರು. ನಾನು ಅತ್ತೆನೋ ನಕ್ಕೆನೋ ನನಗೇ ತಿಳಿಯಲಿಲ್ಲ. ವಿನೋದಾ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಮುರಿದು ಹಾಕಿ, ಮೇಲೆ ಬಿಸಿ ಸಾರು ಸುರಿದಳು.

"ಊಟ ಮಾಡು ಅಮ್ಮ. ರೊಟ್ಟಿ ಮೆತ್ತಗಾದರೆ ರುಚಿ ಇಲ್ಲ."

ಮಾಡಿದೆ. ಎರಡು ಸಲ ಹಾಕಿಸಿಕೊಂಡು ಮಾಡಿದೆ. ಪಾತ್ರೆಯ ತಳದಲ್ಲಿ ಉಳಿದ ಸಾರಿಗೆ ತಾಯಿ ಮಗಳು ಜಗಳ ಮಾಡುವ ಗಲಾಟೆ ಹೈವೇಯ ಲಾರಿಗಳ ಸದ್ದಿಗಿಂತ ಜೋರಾಗಿತ್ತು.